ಸೂಜಿ ಎಲ್ಲಿಯವರೆಗೆ? ಅಕ್ಯುಪಂಕ್ಚರ್ ಬಗ್ಗೆ ಒಂದಿಷ್ಟು ಮಾತು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನ ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಮಾತು ಶುರು ಮಾಡೋದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ಈಗ ಇದನ್ನ ನೋಡ್ತಾ ಕೂತಿದ್ದೀರಲ್ಲ, ನಿಮ್ಮ ಭುಜ ಎಲ್ಲಿದೆ ಅಂತ ಒಂದ್ಸಲ ಗಮನಿಸಿ. ಕಿವಿ ಹತ್ರ ಏರಿ ಕೂತಿದೆಯಾ? ಕುತ್ತಿಗೆ ಆಮೆ ಥರ ಮುಂದಕ್ಕೆ ಬಂದಿದೆಯಾ? ಇಳಿಸಿ. ನಿಧಾನಕ್ಕೆ ಉಸಿರು ಬಿಡಿ. ಸರಿ, ಈಗ ಮಾತಾಡೋಣ.

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಊರು ಅರಸೀಕೆರೆ. ಹಿಂಜವಡಿಯಲ್ಲಿ ಕೆಲಸ, ಸಾಫ್ಟ್‌ವೇರ್ ಟೆಸ್ಟಿಂಗ್. ಅಂದ್ರೆ ಬೇರೆಯವರು ಬರೆದ ಕೋಡಲ್ಲಿ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು. ನಾನು ಡಾಕ್ಟರಲ್ಲ, ಅಕ್ಯುಪಂಕ್ಚರ್ ಕಲಿತವನೂ ಅಲ್ಲ. ಇವತ್ತು ಈ ವಿಷಯ ಯಾಕೆ ತಗೊಂಡೆ ಅಂದ್ರೆ, ಇದರಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನ ಬೆಲೆಯನ್ನ ನಮ್ಮಮ್ಮ ಕೊಡಬೇಕಾಗಿ ಬಂತು.

ನನ್ನ ಕುತ್ತಿಗೆ, ನನ್ನ ಮೆಸೇಜು

ಮನೆಯಿಂದಲೇ ಕೆಲಸ ಅಂತ ಆದಾಗ ನಾವೆಲ್ಲ ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತವರೇ. ನನಗೆ ಬಲಗಡೆ ಕುತ್ತಿಗೆಯಿಂದ ಭುಜದ ರೆಕ್ಕೆವರೆಗೆ ನೋವು ಶುರುವಾಯ್ತು. ರಾತ್ರಿ ಮಗ್ಗುಲು ಬದಲಾಯಿಸಿದ್ರೆ ಎಚ್ಚರ ಆಗೋದು. ಮೂಳೆ ಡಾಕ್ಟರ ಹತ್ರ ಹೋದೆ. ಎಕ್ಸ್‌ರೇ ನೋಡಿದ್ರು, ಮೂಳೆ ಸರಿಯಾಗಿದೆ, ಸ್ನಾಯು ಬಿಗಿದಿದೆ ಅಂದ್ರು, ವ್ಯಾಯಾಮದ ಹಾಳೆ ಒಂದು ಕೊಟ್ರು. ಒಟ್ಟು ನಾಲ್ಕು ನಿಮಿಷ. ಆ ವ್ಯಾಯಾಮವನ್ನ ನಾನು ನಾಲ್ಕು ದಿನ ಮಾಡಿದೆ. ಐದನೇ ದಿನ ರಿಲೀಸ್ ಇತ್ತು. ಆಮೇಲೆ ಆ ಹಾಳೆ ಎಲ್ಲಿ ಹೋಯ್ತೋ ಗೊತ್ತಿಲ್ಲ.

ಜೊತೆ ಕೆಲಸ ಮಾಡೋ ಒಬ್ರು ಒಂದು ಅಕ್ಯುಪಂಕ್ಚರ್ ಕ್ಲಿನಿಕ್ ಹೇಳಿದ್ರು. ಹೋದೆ. ಅಲ್ಲಿ ಮೊದಲ ದಿನ ಮುಕ್ಕಾಲು ಗಂಟೆ ಬರೀ ಮಾತು. ನಿದ್ದೆ ಹೇಗೆ, ಊಟ ಎಷ್ಟೊತ್ತಿಗೆ, ಮನೇಲಿ ಯಾರಿದ್ದಾರೆ, ಊರಿಗೆ ಹೋಗಿ ಎಷ್ಟು ದಿನ ಆಯ್ತು. ನಾಲಿಗೆ ನೋಡಿದ್ರು, ಎರಡೂ ಕೈಯ ನಾಡಿ ಹಿಡಿದು ನೋಡಿದ್ರು. ಆಮೇಲೆ ಒಂಬತ್ತು ಸೂಜಿ. ಸೂಜಿ ಅಂದ ತಕ್ಷಣ ಇಂಜೆಕ್ಷನ್ ನೆನಪಾಗತ್ತೆ, ಅದಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ ಇರತ್ತೆ ಅಷ್ಟೆ, ಸುಮಾರು ಕಾಲು ಮಿಲಿಮೀಟರ್. ಒಳಗೆ ಹೋಗೋವಾಗ ಇರುವೆ ಕಚ್ಚಿದ ಹಾಗೆ. ಆಮೇಲೆ ಆ ಜಾಗದಲ್ಲಿ ಒಂಥರಾ ಭಾರ, ಜೋಮು ಹಿಡಿದ ಹಾಗೆ. ಚೀನೀಯರು ಆ ಭಾರಕ್ಕೆ ‘ದ ಚಿ’ ಅಂತಾರೆ, ಚಿ ಬಂತು ಅಂತ ಅರ್ಥ. ದೀಪ ಆರಿಸಿ, ಫೋನ್ ಇಸ್ಕೊಂಡು, ಇಪ್ಪತ್ತೈದು ನಿಮಿಷ ಮಲಗಿಸಿದ್ರು. ಹಗಲು ಹೊತ್ತಲ್ಲಿ ಇಪ್ಪತ್ತೈದು ನಿಮಿಷ ಫೋನ್ ಇಲ್ಲದೆ ಮಲಗಿ ಎಷ್ಟು ವರ್ಷ ಆಗಿತ್ತೋ!

ಆರನೇ ಸಲಕ್ಕೆ ನೋವು ಮುಕ್ಕಾಲು ಪಾಲು ಇಳಿದಿತ್ತು. ಇದು ಸುಳ್ಳಲ್ಲ. ಆ ಖುಷಿಯಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಲ್ಲಿ ಉದ್ದಕ್ಕೆ ಒಂದು ಮೆಸೇಜು ಬರೆದೆ. ಎರಡೂವರೆ ಸಾವಿರ ವರ್ಷದ ವಿದ್ಯೆ, ಒಂದು ಮಾತ್ರೆ ಇಲ್ಲದೆ ವಾಸಿಯಾಯ್ತು, ಎಲ್ಲರೂ ಒಮ್ಮೆ ನೋಡಿ ಅಂತ. ಚಿಕ್ಕಪ್ಪ, ಅತ್ತೆ, ಸೋದರತ್ತೆಯ ಮಗಳು ಎಲ್ಲರೂ ಕೈ ಎತ್ತಿ ಮುಗಿದ ಚಿತ್ರ ಹಾಕಿದ್ರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. ಅಮ್ಮ ಬಚ್ಚಲುಮನೆಯಲ್ಲಿ ತಲೆ ಸುತ್ತಿ ಬಿದ್ದಿದ್ರು. ಆಸ್ಪತ್ರೆಯಲ್ಲಿ ನೋಡಿದ್ರೆ ಬಿಪಿ ಮೇಲಿನ ಅಂಕಿ 200 ದಾಟಿತ್ತು. ಎಂಟು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಾ ಇದ್ದವರು ಎರಡು ತಿಂಗಳಿಂದ ನಿಲ್ಲಿಸಿದ್ರು, ಯಾರಿಗೂ ಹೇಳಿರಲಿಲ್ಲ. ಊರ ಹತ್ರ ಒಬ್ರು ಸೂಜಿ ಚುಚ್ಚೋರ ಹತ್ರ ಮಂಡಿನೋವಿಗೆ ಅಂತ ಹೋಗಿದ್ದಾರೆ. ಅವರು ‘ಹತ್ತು ಸಲ ಆದ್ಮೇಲೆ ಬಿಪಿ ಮಾತ್ರೇನೂ ಬೇಡ’ ಅಂದಿದ್ದಾರೆ. ನಾನು ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿ ಕೇಳಿದೆ, ‘ಯಾಕಮ್ಮ ನಿಲ್ಲಿಸಿದೆ?’ ಅಂತ. ಅಮ್ಮ ಸಿಟ್ಟು ಮಾಡ್ಲಿಲ್ಲ. ‘ನೀನೇ ಬರ್ದಿದ್ಯಲ್ಲೋ, ಮಾತ್ರೆ ಇಲ್ದೆ ವಾಸಿಯಾಯ್ತು ಅಂತ’ ಅಂದ್ರು.

ದೇವರ ದಯೆ, ಪಾರ್ಶ್ವವಾಯು ಆಗಲಿಲ್ಲ. ಆದ್ರೆ ಆಗಬಹುದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಯೋಚನೆ ಮಾಡಿದ್ದು ಇಷ್ಟೇ. ಕೆಲಸದಲ್ಲಿ ಒಂದು ಬಟನ್ ಬಣ್ಣ ಬದಲಾದ್ರೂ ಇಪ್ಪತ್ತು ಸಲ ಪರೀಕ್ಷೆ ಮಾಡದೆ ಮುಂದೆ ಬಿಡಲ್ಲ ನಾನು. ನಮ್ಮಮ್ಮನ ಮೈ ವಿಷಯದಲ್ಲಿ ಒಂದು ಸಲಾನೂ ಪರೀಕ್ಷೆ ಮಾಡದೆ ಬಿಟ್ಟಿದ್ದೆ. ಅವತ್ತಿಂದ ಓದೋಕೆ ಶುರು ಮಾಡಿದೆ.

ಎರಡೂವರೆ ಸಾವಿರ ವರ್ಷ ಅನ್ನೋ ಮಾತು

ಮೊದಲು ಹುಡುಕಿದ್ದು ನಾನೇ ಬರೆದ ಆ ‘ಎರಡೂವರೆ ಸಾವಿರ ವರ್ಷ’ವನ್ನ.

ಚೀನೀ ಭಾಷೆಯಲ್ಲಿ ಇದರ ಹೆಸರು ‘ಝೆನ್ ಜಿಯು’. ಝೆನ್ ಅಂದ್ರೆ ಸೂಜಿ. ಜಿಯು ಅಂದ್ರೆ ಒಂದು ಗಿಡದ ಒಣ ಎಲೆಯನ್ನ ಚರ್ಮದ ಹತ್ತಿರ ಸುಟ್ಟು ಶಾಖ ಕೊಡೋದು. ಆ ಗಿಡ ನಮ್ಮ ಹೂವಿನ ಮಾಲೆಯ ದವನದ ಬಳಗಕ್ಕೇ ಸೇರಿದ್ದು. ಅಂದ್ರೆ ಹೆಸರಲ್ಲೇ ಸೂಜಿ ಮತ್ತು ಬೆಂಕಿ ಎರಡೂ ಇವೆ. ‘ಅಕ್ಯುಪಂಕ್ಚರ್’ ಅನ್ನೋ ಪದ ಚೀನಾದ್ದಲ್ಲ, ಲ್ಯಾಟಿನ್‌ನಿಂದ ಕಟ್ಟಿದ್ದು. ಜಪಾನಿನ ನಾಗಸಾಕಿಯಲ್ಲಿದ್ದ ವಿಲ್ಲೆಮ್ ಟೆನ್ ರೈನೆ ಅನ್ನೋ ಡಚ್ ವೈದ್ಯ 1683ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬಳಸಿದ್ದು.

1973ರಲ್ಲಿ ಚೀನಾದ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಅನ್ನೋ ಕಡೆ ಒಂದು ಹಳೇ ಸಮಾಧಿ ತೋಡಿದ್ರು. ಅದನ್ನ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯದ ಗ್ರಂಥಗಳು ಸಿಕ್ಕವು. ಅವುಗಳಲ್ಲಿ ಮೈಯಲ್ಲಿ ಹರಿಯೋ ಹನ್ನೊಂದು ನಾಡಿಗಳ ವರ್ಣನೆ ಇದೆ, ಎಲೆ ಸುಟ್ಟು ಶಾಖ ಕೊಡೋದೂ ಇದೆ. ಆದ್ರೆ ಸೂಜಿ ಚುಚ್ಚೋದಿಲ್ಲ! ಸೂಜಿಯ ವಿವರ ಪೂರ್ತಿಯಾಗಿ ಬರೋದು ಸುಮಾರು ಕ್ರಿಸ್ತಪೂರ್ವ ಒಂದನೇ ಶತಮಾನದ ಹೊತ್ತಿಗೆ ರೂಪ ಪಡೆದ ‘ಹುವಾಂಗ್‌ದಿ ನೇಜಿಂಗ್’ ಗ್ರಂಥದಲ್ಲಿ. ಅಲ್ಲಿ ಒಂಬತ್ತು ಥರದ ಸೂಜಿ ಹೇಳಿದ್ದಾರೆ. ಕೆಲವು ಕೀವು ತೆಗೆಯೋಕೆ, ಕೆಲವು ರಕ್ತ ಬಿಡಿಸೋಕೆ. ನಮ್ಮ ಕ್ಲಿನಿಕ್‌ನ ಕೂದಲಂಥ ಸೂಜಿ ನೋಡಿ ಅದನ್ನ ಊಹಿಸಿಕೊಳ್ಳೋಕೆ ಆಗಲ್ಲ.

ಇದರ ಹಿಂದಿನ ಕಲ್ಪನೆ ನಮಗೆ ಪರಕೀಯ ಏನಲ್ಲ. ‘ಚಿ’ ಅನ್ನೋ ಜೀವಶಕ್ತಿ ಮೈಯಲ್ಲಿ ದಾರಿಗಳಲ್ಲಿ ಹರಿಯತ್ತೆ. ಹರಿವು ತಡೆದ್ರೆ ನೋವು, ರೋಗ. ಮುಖ್ಯ ದಾರಿ ಹನ್ನೆರಡು, ಅವುಗಳ ಜೊತೆಗೆ ಮೈಯ ನಡುವೆ ಹಿಂದೊಂದು ಮುಂದೊಂದು. ಈ ದಾರಿಗಳ ಮೇಲೆ ಒಟ್ಟು 361 ಬಿಂದುಗಳು. ನಮ್ಮ ಪ್ರಾಣ, ನಾಡಿ, ಮರ್ಮ ಅನ್ನೋ ಮಾತುಗಳನ್ನ ಕೇಳಿ ಬೆಳೆದವರಿಗೆ ಇದು ಎಲ್ಲೋ ಕೇಳಿದ ಹಾಗೇ ಅನ್ಸತ್ತೆ. ಕೊಯ್ದು ನೋಡಿದ್ರೆ ನರ ಸಿಗತ್ತೆ, ರಕ್ತನಾಳ ಸಿಗತ್ತೆ. ಈ ದಾರಿ ಮಾತ್ರ ಸಿಗಲ್ಲ. ಅದನ್ನೂ ಹೇಳಿಬಿಡಬೇಕು.

1027ರಲ್ಲಿ, ಸುಂಗ್ ವಂಶದ ಕಾಲದಲ್ಲಿ, ವಾಂಗ್ ವೇಯಿ ಅನ್ನೋ ವೈದ್ಯ ಕಂಚಿನ ಮನುಷ್ಯನ ಬೊಂಬೆ ಮಾಡಿಸಿದ. ಬಿಂದು ಇರೋ ಕಡೆಯೆಲ್ಲ ತೂತು. ಮೇಲೆ ಮೇಣ ಮೆತ್ತಿ, ಒಳಗೆ ನೀರು ತುಂಬಿ, ವಿದ್ಯಾರ್ಥಿಗೆ ‘ಚುಚ್ಚು’ ಅಂತಿದ್ರಂತೆ. ನೀರು ಬಂದ್ರೆ ಪಾಸು. ಟೆಸ್ಟಿಂಗ್‌ನವನಾಗಿ ನನಗೆ ಈ ಕತೆ ಬಹಳ ಇಷ್ಟ. ಆದ್ರೆ ಒಂದು ಗಮನಿಸಿ. ಆ ಪರೀಕ್ಷೆ ವಿದ್ಯಾರ್ಥಿಗೆ ಪಾಠ ಬಂದಿದೆಯಾ ಅಂತ ನೋಡ್ತಿತ್ತು. ಪಾಠ ಸರಿಯಿದೆಯಾ ಅಂತ ನೋಡ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಆಶ್ಚರ್ಯ ತಂತು. ಇದು ಚೀನಾದಲ್ಲಿ ಎಡೆಬಿಡದೆ ಮೆರೆದ ವಿದ್ಯೆ ಅಲ್ಲ. 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಸೂಜಿ ಚಿಕಿತ್ಸೆಯನ್ನೇ ತೆಗೆದುಹಾಕಿದ. 1929ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಮಿತಿ ಹಳೇ ವೈದ್ಯವನ್ನೇ ರದ್ದು ಮಾಡೋ ತೀರ್ಮಾನಕ್ಕೆ ಬಂತು. ನಾಡವೈದ್ಯರು ಬೀದಿಗಿಳಿದು ಅದನ್ನ ನಿಲ್ಲಿಸಿದ್ರು. ಅದೇ ಹೊತ್ತಿಗೆ ಚೆಂಗ್ ದಾನ್‌ಆನ್ ಅನ್ನೋ ವೈದ್ಯರು ಇದನ್ನ ಹೊಸದಾಗಿ ಕಟ್ಟಿದ್ರು. ದಪ್ಪ ಸೂಜಿ ಬಿಟ್ಟು ಸಪೂರ ಸೂಜಿ ಹಿಡಿದ್ರು. ಅಂಗರಚನಾ ಶಾಸ್ತ್ರದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ರಕ್ತನಾಳದ ಮೇಲಿದ್ದ ಬಿಂದುಗಳನ್ನ ನರಗಳ ದಾರಿಗೆ ಸರಿಸಿದ್ರು. ನಾನು ಮಲಗಿದ್ದ ಆ ಮಂಚದ ಮೇಲಿನ ಚಿಕಿತ್ಸೆ ನಿಜವಾಗಿ ನೋಡಿದ್ರೆ ನೂರು ವರ್ಷದ ಈಚೆಯದು.

1949ರ ನಂತರ ಮಾವೋ ಸರ್ಕಾರದ ಕಷ್ಟವೇ ಬೇರೆ. ಐವತ್ತು ಕೋಟಿ ದಾಟಿದ ಜನ, ಓದಿದ ಡಾಕ್ಟರ್‌ಗಳು ಬೆರಳೆಣಿಕೆ. ಹಾಗಾಗಿ ಇದ್ದ ನಾಡವೈದ್ಯರನ್ನೇ ಸೇರಿಸಿಕೊಂಡ್ರು, ಹಳ್ಳಿಹಳ್ಳಿಗೆ ಕಳಿಸಿದ್ರು. ಮಾವೋನ ಖಾಸಗಿ ವೈದ್ಯ ಲೀ ಝಿಸುಯಿ ಬರೆದಿರೋ ನೆನಪುಗಳಲ್ಲಿ ಒಂದು ಮಾತಿದೆ. ಚೀನೀ ವೈದ್ಯವನ್ನ ಪ್ರಚಾರ ಮಾಡಬೇಕು ಅಂತಿದ್ದ ಮಾವೋ, ತನಗೆ ಮಾತ್ರ ಅದರಲ್ಲಿ ನಂಬಿಕೆ ಇಲ್ಲ, ತಾನು ತಗೊಳ್ಳಲ್ಲ ಅಂತ ಹೇಳಿದ್ದನಂತೆ.

ಒಬ್ಬ ಪತ್ರಕರ್ತನ ಅಪೆಂಡಿಕ್ಸು

ಹಾಗಾದ್ರೆ ಪ್ರಪಂಚಕ್ಕೆಲ್ಲ ಹೇಗೆ ಹಬ್ಬಿತು? 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋಗಿದ್ದಾಗ ಅಪೆಂಡಿಕ್ಸ್ ನೋವು ಬಂತು, ಆಪರೇಷನ್ ಆಯ್ತು. ಅದರ ಬಗ್ಗೆ ಬರೆದ್ರು. ಮುಂದಿನ ವರ್ಷ ನಿಕ್ಸನ್ ಚೀನಾಕ್ಕೆ ಹೋದ್ರು. ಅಮೆರಿಕದಲ್ಲಿ ಸೂಜಿಯ ಹುಚ್ಚು ಹಿಡೀತು.

ಇವತ್ತಿಗೂ ಜನ ಹೇಳೋದೇನು? ‘ರೆಸ್ಟನ್‌ಗೆ ಮಂಪರು ಕೊಡದೆ, ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡಿದ್ರು’ ಅಂತ. ಅವರು ಬರೆದಿದ್ದು ಅದಲ್ಲ. ಆಪರೇಷನ್‌ಗೆ ಮಾಮೂಲಿ ಮದ್ದಿನ ಇಂಜೆಕ್ಷನ್ನೇ ಕೊಟ್ಟಿದ್ರು. ಆಮೇಲೆ ಎರಡನೇ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟ ಆದಾಗ, ಬಲ ಮೊಣಕೈಗೆ ಮತ್ತು ಮಂಡಿಯ ಕೆಳಗೆ ಮೂರು ಸೂಜಿ ಹಾಕಿ, ಹೊಟ್ಟೆ ಹತ್ರ ಎಲೆಯ ಶಾಖ ಕೊಟ್ರು. ಒಂದು ಗಂಟೆಯೊಳಗೆ ಹಗುರ ಆಯ್ತು. ಇಷ್ಟೇ ಅವರು ಬರೆದದ್ದು. ಬಾಯಿಂದ ಬಾಯಿಗೆ ಹೋಗ್ತಾ ಅದೇ ಸೂಜಿ ಹೊಟ್ಟೆಯನ್ನೇ ಕೊಯ್ಯೋ ಮಟ್ಟಕ್ಕೆ ಬೆಳೀತು. ಓದಿದಾಗ ನನ್ನ ವಾಟ್ಸಾಪ್ ಮೆಸೇಜೇ ನೆನಪಾಯ್ತು. ಸ್ನಾಯು ನೋವಿಗೆ ಆದ ಆರಾಮ ನಮ್ಮೂರು ತಲುಪೋ ಹೊತ್ತಿಗೆ ಬಿಪಿ ಮದ್ದಾಗಿತ್ತು.

ನಮ್ಮ ದೇಶಕ್ಕೆ ಬಂದ ದಾರಿ ಮಾತ್ರ ಬೇರೆ, ಇನ್ನೂ ಹಳೇದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಕಾಂಗ್ರೆಸ್ ಐದು ಜನ ವೈದ್ಯರನ್ನ ಕಳಿಸ್ತು. ಅವರಲ್ಲಿ ಒಬ್ರು ಸೊಲ್ಲಾಪುರದ ದ್ವಾರಕಾನಾಥ್ ಕೋಟ್ನಿಸ್. ಪುಣೆಯಿಂದ ಕಲಬುರಗಿ ಕಡೆ ಹೋಗೋವಾಗ ಸಿಗೋ, ಇವತ್ತಿಗೂ ಕನ್ನಡ ಕಿವಿಗೆ ಬೀಳೋ ಅದೇ ಸೊಲ್ಲಾಪುರ. ಅವರು 1942ರಲ್ಲಿ, ಮೂವತ್ತೆರಡನೇ ವಯಸ್ಸಿಗೇ, ಅಲ್ಲೇ ತೀರಿಕೊಂಡ್ರು. ಅದೇ ತಂಡದ ಕಲ್ಕತ್ತೆಯ ಬಿಜಯ್ ಕುಮಾರ್ ಬಸು ವಾಪಸ್ ಬಂದ್ರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದ್ರು. ಅಮೆರಿಕದವರು ಕಣ್ಣು ಬಿಡೋಕೆ ಹತ್ತು ವರ್ಷ ಮುಂಚೆ!

ಸುಳ್ಳು ಸೂಜಿಯ ಪರೀಕ್ಷೆ

ಸರಿ, ಕತೆ ಸಾಕು. ಕೆಲಸ ಮಾಡತ್ತಾ ಇಲ್ವಾ?

‘ನನಗೆ ವಾಸಿಯಾಯ್ತು’ ಅನ್ನೋದು ಯಾಕೆ ಸಾಕಾಗಲ್ಲ ಅಂತ ಮೊದಲು ನೋಡೋಣ. ನಾವು ಯಾವಾಗ ಚಿಕಿತ್ಸೆಗೆ ಓಡ್ತೀವಿ? ನೋವು ತಾಳೋಕೆ ಆಗದೆ ಇದ್ದಾಗ. ಬೆನ್ನು, ಕುತ್ತಿಗೆ ನೋವು ಏರಿಳಿಯೋ ಜಾತಿದು. ತುದಿಗೆ ಏರಿದ್ದು ಹೇಗಿದ್ರೂ ಸ್ವಲ್ಪ ಇಳಿಯತ್ತೆ. ಇಳಿಯೋ ಹೊತ್ತಿಗೆ ಯಾರ ಕೈಯಲ್ಲಿದ್ದೀವೋ ಅವರಿಗೆ ಹೆಸರು. ಆದ್ದರಿಂದ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ನಾವು ದಿನಾ ಎ-ಬಿ ಟೆಸ್ಟ್ ಅಂತ ಮಾಡ್ತೀವಲ್ಲ, ಅದೇ.

ಮಾತ್ರೆಗಾದ್ರೆ ಸುಲಭ, ಅರ್ಧ ಜನಕ್ಕೆ ಸಕ್ಕರೆ ಮಾತ್ರೆ ಕೊಡಬಹುದು. ಸೂಜಿಗೆ ಏನು ಮಾಡ್ತೀರಿ? ಎರಡು ಉಪಾಯ ಮಾಡಿದ್ರು. ಒಂದು, ಬಿಂದು ಅಲ್ಲದ ಕಡೆ ಮೇಲೆ ಮೇಲೆ ಚುಚ್ಚೋದು. ಇನ್ನೊಂದು, ನಾಟಕದ ಕತ್ತಿ ಇರತ್ತಲ್ಲ, ಚುಚ್ಚಿದ್ರೆ ಹಿಡಿಯೊಳಗೆ ಜಾರೋದು, ಆ ಥರದ ಸೂಜಿ. ಚರ್ಮಕ್ಕೆ ತಾಗತ್ತೆ, ಒಳಗೆ ಹೋಗಲ್ಲ, ರೋಗಿಗೆ ಗೊತ್ತಾಗಲ್ಲ.

ಜರ್ಮನಿಯಲ್ಲಿ ದೊಡ್ಡದಾಗಿ ಮಾಡಿದ್ರು. ಬಹಳ ದಿನದ ಸೊಂಟನೋವಿನ 1,162 ಜನರನ್ನ ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸರಿಯಾದ ಅಕ್ಯುಪಂಕ್ಚರ್, ಒಂದಕ್ಕೆ ಸುಳ್ಳು ಬಿಂದುವಿನಲ್ಲಿ ಸೂಜಿ, ಒಂದಕ್ಕೆ ಔಷಧಿ, ಫಿಸಿಯೋಥೆರಪಿ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. ಫಲಿತಾಂಶ ಪ್ರಕಟವಾಗಿದ್ದು 2007ರಲ್ಲಿ. ಆರು ತಿಂಗಳ ಮೇಲೆ ಚೆನ್ನಾಗಿ ಗುಣ ಕಂಡವರು ಎಷ್ಟು? ನಿಜವಾದ ಸೂಜಿಯಲ್ಲಿ ಶೇ. 47.6. ಸುಳ್ಳು ಸೂಜಿಯಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4.

ಈ ಮೂರು ಅಂಕಿಯನ್ನ ಸ್ವಲ್ಪ ಹೊತ್ತು ನೋಡಿ. ನಾನು ಒಂದು ವಾರ ನೋಡಿದೀನಿ. ಅಕ್ಯುಪಂಕ್ಚರ್ ಪ್ರಿಯರು ಮೊದಲನೇದನ್ನೂ ಮೂರನೇದನ್ನೂ ಹೇಳ್ತಾರೆ, ನಡುವಿನದು ಬಿಡ್ತಾರೆ. ವಿರೋಧಿಗಳು ಮೊದಲ ಎರಡು ಹೇಳ್ತಾರೆ, ಮೂರನೇದು ಬಿಡ್ತಾರೆ. ಮೂರನ್ನೂ ಒಟ್ಟಿಗೆ ಓದಬೇಕು. ಎಲ್ಲಿ ಚುಚ್ಚಿದೆ ಅನ್ನೋದು ಅಷ್ಟೇನೂ ಲೆಕ್ಕಕ್ಕೆ ಬರಲಿಲ್ಲ, ಅಂದ್ರೆ 361 ಬಿಂದುಗಳ ಶಾಸ್ತ್ರ ಅಲ್ಲಾಡ್ತು. ಆದ್ರೆ ಸೂಜಿ ಹಾಕಿಸಿಕೊಂಡು ಮಲಗಿದ ಎರಡೂ ಗುಂಪಿನವರಿಗೆ ಮಾಮೂಲಿ ಚಿಕಿತ್ಸೆಯವರಿಗಿಂತ ಹೆಚ್ಚು ಆರಾಮ ಆಯ್ತು. ಆ ದೇಶ ಬಹಳ ದಿನದ ಸೊಂಟನೋವಿಗೂ ಮಂಡಿ ಸವೆತದ ನೋವಿಗೂ ವಿಮೆಯಲ್ಲಿ ದುಡ್ಡು ಕೊಡೋಕೆ ಒಪ್ಪಿತು.

ಆಮೇಲೆ ಬೇರೆ ಬೇರೆ ಪ್ರಯೋಗಗಳ ರೋಗಿಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಸೇರಿಸಿ ಲೆಕ್ಕ ಹಾಕಿದ್ರು. 2018ರ ಆ ಲೆಕ್ಕದಲ್ಲಿ 39 ಪ್ರಯೋಗ, 20,827 ರೋಗಿಗಳು. ಬೆನ್ನು, ಕುತ್ತಿಗೆ, ಭುಜ, ಮಂಡಿ, ತಲೆನೋವು ಇಂಥ ಹಳೇ ನೋವುಗಳಲ್ಲಿ ನಿಜವಾದ ಸೂಜಿ ಸುಳ್ಳು ಸೂಜಿಗಿಂತ ಸ್ವಲ್ಪ ಮೇಲು, ಸೂಜಿಯೇ ಇಲ್ಲದ್ದಕ್ಕಿಂತ ಸಾಕಷ್ಟು ಮೇಲು. ಗುಣದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಮಾಡೋ ಸಂಸ್ಥೆ ನೈಸ್ 2009ರಲ್ಲಿ ಸೊಂಟನೋವಿಗೆ ಇದನ್ನ ಸೂಚಿಸಿ, 2016ರಲ್ಲಿ ವಾಪಸ್ ತಗೊಂಡು, 2021ರಲ್ಲಿ ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಒಮ್ಮೆ ಮಾಡಿ ನೋಡಬಹುದು ಅಂತು. ಬಲ್ಲವರೇ ಹೀಗೆ ಹಿಂದೆ ಮುಂದೆ ನೋಡ್ತಿರೋವಾಗ, ಆರು ಸಲ ಮಲಗಿ ಎದ್ದ ನಾನು ತೀರ್ಪು ಕೊಟ್ಟಿದ್ದೆ!

ಒಳಗೆ ಏನಾಗತ್ತೆ? ಸೂಜಿ ನರವನ್ನ ಕೆಣಕತ್ತೆ, ಮೈ ತನ್ನದೇ ನೋವುನಿವಾರಕ ಎಂಡಾರ್ಫಿನ್ ಬಿಡತ್ತೆ ಅನ್ನೋದಕ್ಕೆ 1970ರ ದಶಕದಿಂದಲೂ ಪ್ರಯೋಗಗಳಿವೆ. ಇಲಿಗಳಲ್ಲಿ ಸೂಜಿ ಹಾಕಿದ ಜಾಗದಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಏರೋದನ್ನ 2010ರಲ್ಲಿ ತೋರಿಸಿದ್ರು. ಉಳಿದದ್ದು ಉಪಚಾರದ ಫಲ. ಟೆಡ್ ಕ್ಯಾಪ್ಚಕ್ ಅನ್ನೋ ಅಮೆರಿಕದ ಸಂಶೋಧಕರು 2006ರಲ್ಲಿ ತೋಳುನೋವಿನವರ ಮೇಲೆ ನಾಟಕದ ಸೂಜಿಯನ್ನೂ ಸಕ್ಕರೆ ಮಾತ್ರೆಯನ್ನೂ ಹೋಲಿಸಿ ನೋಡಿದ್ರು. ಎರಡೂ ಸುಳ್ಳೇ. ಆದ್ರೂ ಸುಳ್ಳು ಸೂಜಿಯವರೇ ನೋವು ಹೆಚ್ಚು ಕಮ್ಮಿಯಾಯ್ತು ಅಂದ್ರು.

ಇದನ್ನ ಓದಿ ನನಗೆ ನಾಚಿಕೆ ಆಗಲಿಲ್ಲ, ಬೇಜಾರಾಯ್ತು. ಯಾಕೆ ಗೊತ್ತಾ? ಚಿಕ್ಕಂದಿನಲ್ಲಿ ಕುತ್ತಿಗೆ ಉಳುಕಿದ್ರೆ ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ನೀವೋರು. ನೀವ್ತಾ ನೀವ್ತಾ ಇಡೀ ಊರಿನ ಸುದ್ದಿ. ಇಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ, ಅರ್ಧಂಬರ್ಧ ಮರಾಠಿ ಮಾತಾಡ್ಕೊಂಡು ಬದುಕೋ ನನ್ನ ಕುತ್ತಿಗೆ ಮೇಲೆ ಬೇರೊಬ್ರು ಕೈಯಿಟ್ಟು, ‘ಇಲ್ಲಿ ನೋವಾ, ಇಲ್ಲಾ?’ ಅಂತ ಕೇಳಿದ್ದು ಎಷ್ಟೋ ವರ್ಷದ ಮೇಲೆ. ಊರಿಗೆ ಹೋಗಿ ಎಷ್ಟು ದಿನ ಆಯ್ತು ಅಂತ ಕೇಳಿದ್ದೂ ಅವರೇ. ಒಂದೊಂದು ಸಲಕ್ಕೆ ಇಂತಿಷ್ಟು ಅಂತ ಫೀಸು ಕೊಟ್ಟು ನಾನು ಕೊಂಡಿದ್ದು ಸೂಜಿ ಮಾತ್ರ ಆಗಿರಲಿಲ್ಲ.

ಕಂಪನಿಯವರೂ ಇದನ್ನ ಅರ್ಥ ಮಾಡ್ಕೊಂಡಿದ್ದಾರೆ. ಕೆಲವು ಕಡೆ ‘ವೆಲ್‌ನೆಸ್ ವೀಕ್’ನಲ್ಲಿ ಸೂಜಿಯ ಸ್ಟಾಲ್ ಹಾಕಿಸ್ತಾರೆ. ಹದಿನೈದು ನಿಮಿಷ ಕಿವಿಗೆ ಸೂಜಿ, ಆಮೇಲೆ ರಾತ್ರಿ ಹತ್ತೂವರೆಗೆ ಅಮೆರಿಕದ ಜೊತೆ ಕಾಲ್. ಹನ್ನೊಂದು ಗಂಟೆ ಕುರ್ಚಿಯಲ್ಲಿ ಕೂರಿಸಿ ಬಂದ ನೋವನ್ನ ಹದಿನೈದು ನಿಮಿಷದ ಸೂಜಿಗೆ ವಹಿಸೋದು, ತೂತು ಬಿದ್ದ ಕೊಡ ಬದಲಾಯಿಸದೆ ಮತ್ತೆ ಮತ್ತೆ ನೀರು ಸೇದಿದ ಹಾಗೆ.

ಬಿಪಿ ವಿಷಯ ಏನು?

ನಮ್ಮಮ್ಮನ ವಿಷಯಕ್ಕೆ ಬರ್ತೀನಿ. ವೈದ್ಯಕೀಯ ಪ್ರಯೋಗಗಳನ್ನ ಒರೆಗೆ ಹಚ್ಚೋ ಕಾಕ್ರೇನ್ ಅನ್ನೋ ಸಂಸ್ಥೆ ರಕ್ತದೊತ್ತಡಕ್ಕೆ ಅಕ್ಯುಪಂಕ್ಚರ್ ಹೇಗೆ ಅಂತ 2018ರಲ್ಲಿ ಪರಿಶೀಲಿಸಿತು. ಬಿಪಿಯನ್ನ ಬಹಳ ದಿನ ಇಳಿಸಿ ಇಡತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಹೇಳಿತು. ನೋವಿನ ಸುದ್ದಿ ಬೇರೆ, ಬಿಪಿ ಸುದ್ದಿ ಬೇರೆ. ನೋವು ಕಮ್ಮಿಯಾದ್ರೆ ನಮಗೇ ಗೊತ್ತಾಗತ್ತೆ. ಬಿಪಿ ಏರಿದ್ರೆ ಗೊತ್ತೇ ಆಗಲ್ಲ. ಅಮ್ಮನಿಗೂ ಬೀಳೋವರೆಗೆ ‘ಆರಾಮಾಗಿದ್ದೀನಿ’ ಅಂತಲೇ ಅನ್ನಿಸ್ತಿತ್ತು. ಸಕ್ಕರೆ ಕಾಯಿಲೆ, ಥೈರಾಯ್ಡ್, ಫಿಟ್ಸ್, ಹೃದಯದ ಮಾತ್ರೆ ಇವೆಲ್ಲ ಇದೇ ಜಾತಿ.

ಕಾನೂನೂ ತಿಳ್ಕೊಂಡೆ. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರನ್ನ ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿ ಅಂತ ಮನ್ನಣೆ ಕೊಟ್ಟಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೇ ಕಾಯ್ದೆ ಇದೆ. ಮುಂಬೈ, ಪುಣೆಯಲ್ಲಿರೋರು ಚಿಕಿತ್ಸೆ ಕೊಡೋರ ನೋಂದಣಿ ಕೇಳಬಹುದು. ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲೂ ಇದು ಒಂದು ವಿಷಯ. ಹೀಗೆ ಓದಿದವರು ಇದ್ದಾರೆ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಬೋರ್ಡಿನ ಅಕ್ಷರ ಎರಡಕ್ಕೂ ಒಂದೇ ಸೈಜು.

ನಾನು ಈಗ ಇಟ್ಟುಕೊಂಡಿರೋ ನಿಯಮಗಳು

ಹೇಳಿಕೊಡೋ ಅರ್ಹತೆ ನನಗಿಲ್ಲ. ನಮ್ಮ ಮನೆಯಲ್ಲಿ ಈಗ ಏನು ಪಾಲಿಸ್ತೀವಿ ಅಂತ ಮಾತ್ರ ಹೇಳ್ತೀನಿ.

ಒಂದು, ಮೊದಲು ಡಾಕ್ಟರು, ಆಮೇಲೆ ಸೂಜಿ. ಕೈ ಜೋಮು ಹಿಡಿದು ಶಕ್ತಿ ಕಮ್ಮಿಯಾಗೋದು, ಮೂತ್ರದ ಮೇಲೆ ಹಿಡಿತ ತಪ್ಪೋದು, ನೋವಿನ ಜೊತೆ ಜ್ವರ ಬರೋದು, ಸುಮ್ಮಸುಮ್ಮನೆ ತೂಕ ಇಳಿಯೋದು, ಎದೆಯಿಂದ ಎಡತೋಳಿಗೆ ನೋವು ಹರಿಯೋದು, ಇವು ಇದ್ರೆ ಸೂಜಿಯ ಮಾತೇ ಇಲ್ಲ, ಸೀದಾ ಆಸ್ಪತ್ರೆ.

ಎರಡು, ಸೂಜಿ ನಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ಬರಬೇಕು, ಒಮ್ಮೆ ಬಳಸಿ ಎಸೀಬೇಕು. ಹಳೇ ಸೂಜಿಯಿಂದ ಹೆಪಟೈಟಿಸ್ ಹರಡಿದ ಉದಾಹರಣೆಗಳಿವೆ. ಎದೆ, ಬೆನ್ನಿನ ಮೇಲೆ ಆಳಕ್ಕೆ ಹೋದ ಸೂಜಿ ಶ್ವಾಸಕೋಶಕ್ಕೆ ತಾಗಿದ್ದೂ ಇದೆ. ಅಪರೂಪ, ಆದ್ರೆ ಇದೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಗರ್ಭಿಣಿಯರು ಮೊದಲೇ ಹೇಳಬೇಕು.

ಮೂರು, ಎಷ್ಟು ಸಲ ಅಂತ ಮೊದಲೇ ಗೊತ್ತು ಮಾಡ್ಕೋಬೇಕು. ಆರೋ ಎಂಟೋ ಸಲಕ್ಕೆ ಏನೂ ಆಗಲಿಲ್ಲ ಅಂದ್ರೆ ಬಿಡೋದು. ಮೂವತ್ತು ಸಲದ ಪ್ಯಾಕೇಜಿಗೆ ಮುಂಗಡ ಕೊಡೋದಿಲ್ಲ.

ನಾಲ್ಕು, ‘ಮಾತ್ರೆ ನಿಲ್ಲಿಸಿ’ ಅನ್ನೋ ಮಾತು ಬಂದ ಕೂಡಲೇ ಎದ್ದು ಬರೋದು. ಎಷ್ಟೇ ಒಳ್ಳೇ ಮನುಷ್ಯರಾಗಿದ್ರೂ ಸರಿ. ಮಾತ್ರೆ ಬರೆದ ಡಾಕ್ಟರೇ ಅದನ್ನ ನಿಲ್ಲಿಸಬೇಕು.

ನಾನು ಈಗಲೂ ಒಮ್ಮೊಮ್ಮೆ ಸೂಜಿಗೆ ಹೋಗ್ತೀನಿ. ಆದ್ರೆ ಆ ಕಳೆದುಹೋದ ವ್ಯಾಯಾಮದ ಹಾಳೆಯನ್ನ ಮತ್ತೆ ಬರೆಸಿಕೊಂಡು ಬಂದು ಗೋಡೆಗೆ ಅಂಟಿಸಿದ್ದೀನಿ. ಲ್ಯಾಪ್‌ಟಾಪ್ ಹಾಸಿಗೆ ಬಿಟ್ಟು ಮೇಜಿಗೆ ಬಂದಿದೆ. ನಿಜ ಹೇಳಬೇಕಂದ್ರೆ, ಹೆಚ್ಚು ಉಪಕಾರ ಆಗಿರೋದು ಆ ಮೇಜಿಂದ ಇರಬಹುದು.

ಅಮ್ಮ ಬಿಪಿ ಮಾತ್ರೆ ತಪ್ಪದೆ ತಗೊಳ್ತಾರೆ. ಮಂಡಿಗೆ ತಿಂಗಳಿಗೆ ಎರಡು ಸಲ ಸೂಜಿಗೂ ಹೋಗ್ತಾರೆ, ಈಗ ಹಾಸನದಲ್ಲಿ ಓದಿದ ಡಾಕ್ಟರೊಬ್ಬರ ಹತ್ರ. ‘ಬೇಡ ಬಿಡಮ್ಮ’ ಅಂತ ಒಮ್ಮೆ ಅಂದಿದ್ದಕ್ಕೆ, ‘ಮಂಡಿ ನಂದು, ನೋವೂ ನಂದು. ಮಾತ್ರೆ ತಗೋತಿದ್ದೀನಲ್ಲ, ನಿಂಗೇನು ಕಷ್ಟ?’ ಅಂದ್ರು. ಸರಿಯಾಗೇ ಇದೆ. ಮಂಡಿನೋವಿಗೆ ಜರ್ಮನಿಯ ವಿಮೆಯವರೇ ದುಡ್ಡು ಕೊಡ್ತಾರೆ ಅಂದ್ಮೇಲೆ ನಾನ್ಯಾರು ತಡೆಯೋಕೆ!

ಕೊನೆಯದಾಗಿ ಒಂದು ಮಾತು. ಆಸ್ಪತ್ರೆಯಿಂದ ಬಂದ ವಾರ ಅದೇ ವಾಟ್ಸಾಪ್ ಗುಂಪಲ್ಲಿ ಇನ್ನೊಂದು ಮೆಸೇಜು ಬರೆದೆ. ‘ನಾನು ಮೊದಲು ಬರೆದಿದ್ದರಲ್ಲಿ ತಪ್ಪಿದೆ. ಸೂಜಿಯಿಂದ ನನ್ನ ಕುತ್ತಿಗೆ ನೋವಿಗೆ ಆರಾಮ ಆಯ್ತು, ಅಷ್ಟೇ. ಬಿಪಿ, ಶುಗರ್ ಯಾವ ಮಾತ್ರೆಯನ್ನೂ ಯಾರೂ ಅದನ್ನ ನಂಬಿ ನಿಲ್ಲಿಸಬೇಡಿ. ಅಮ್ಮನಿಗೆ ಹೀಗಾಯ್ತು’ ಅಂತ. ಮೊದಲ ಮೆಸೇಜಿಗೆ ಇಡೀ ಬಳಗ ಕೈ ಮುಗಿದಿತ್ತು. ಇದಕ್ಕೆ ಉತ್ತರ ಕೊಟ್ಟವರು ಮೂರೇ ಜನ. ಅದರಲ್ಲಿ ಒಬ್ರು ನಮ್ಮ ಸೋದರತ್ತೆ. ಗುಂಪಲ್ಲಿ ಏನೂ ಬರೀಲಿಲ್ಲ, ನನಗೆ ಮಾತ್ರ ಫೋನ್ ಮಾಡಿ ಮೆತ್ತಗೆ, ‘ನಾನೂ ಶುಗರ್ ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತು ಕಣಪ್ಪ, ಇವತ್ತಿಂದ ಮತ್ತೆ ತಗೊಳ್ಳಾ?’ ಅಂತ ಕೇಳಿದ್ರು. ‘ಇವತ್ತೇ ಡಾಕ್ಟರ ಹತ್ರ ಹೋಗಿ ತೋರಿಸ್ಕೊಂಡು ಬನ್ನಿ ಅತ್ತೆ’ ಅಂದೆ.

ನೀವೂ ಎಂದಾದ್ರೂ ಇಂಥ ಮೊದಲನೇ ಮೆಸೇಜು ಊರಿಗೆ ಕಳಿಸಿದ್ರೆ, ಎರಡನೇದನ್ನೂ ಕಳಿಸಿಬಿಡಿ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳ್ತೀವಲ್ಲ, ಅದರ ಜೊತೆಗೆ ‘ಮಾತ್ರೆ ತಗೊಂಡ್ಯಾ’ ಅಂತಾನೂ ಕೇಳಿ.

 ಭುಜ ಮತ್ತೆ ಮೇಲೆ ಹೋಗಿದ್ರೆ ಇಳಿಸಿ.